ಬೆಳಗಿನ ಐದೂವರೆಯ ಫೋಟೋ

ಆ ಗ್ರೂಪಿನ ಹೆಸರು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ‘ನಮ್ಮ ಮಕ್ಕಳು ನಮ್ಮ ಹೆಮ್ಮೆ’. ಮಗಳು ಹತ್ತನೇ ತರಗತಿಗೆ ಬಂದ ವರ್ಷ ಅವಳ ಶಾಲೆಯ ಹೆಡ್‌ಮಾಸ್ತರರು ತಾಯಂದಿರನ್ನೆಲ್ಲ ಆ ಮೊಬೈಲ್ ಗ್ರೂಪಿಗೆ ಸೇರಿಸಿದರು. ದಸರಾ ರಜೆ ಮುಗಿದ ಮೇಲೆ ಒಂದು ನಿಯಮ ಬಂತು. ಮಕ್ಕಳನ್ನು ಐದು ಗಂಟೆಗೆ ಎಬ್ಬಿಸಬೇಕು, ಐದೂವರೆಯೊಳಗೆ ಅವರು ಓದುತ್ತ ಕುಳಿತಿರುವ ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು. ಹಾಕಿದವರಿಗೆ ಹೆಡ್‌ಮಾಸ್ತರರಿಂದ ಒಂದು ಹಳದಿ ಹೆಬ್ಬೆಟ್ಟು. ಹಾಕದವರ ಹೆಸರು ಎಂಟು ಗಂಟೆಗೆ ಅದೇ ಗ್ರೂಪಿನಲ್ಲಿ, ಎಲ್ಲರ ಎದುರಿಗೆ. ಹೊಳಲ್ಕೆರೆ ಕಡೆಯ ಯಾವುದೋ ಶಾಲೆಯಲ್ಲಿ ಹೀಗೇ ಮಾಡಿ ಭಾರೀ ರಿಸಲ್ಟ್ ಬಂತಂತೆ. ಪಾಲಕರು ಕೈಜೋಡಿಸಿದರೆ ಮಕ್ಕಳಿಗೆ ತಾನಾಗಿಯೇ ಹುರುಪು ಬರುತ್ತದೆ ಎಂದು ಸಭೆಯಲ್ಲಿ ಒಂದು ಗಂಟೆ ಭಾಷಣವಾಯಿತು. ನಾನು ಮುಂದಿನ ಸಾಲಿನಲ್ಲಿ ಕುಳಿತು ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ನನ್ನ ಮೇಲೆ ನನಗಿರುವ ಸಿಟ್ಟು ಹೆಡ್‌ಮಾಸ್ತರರ ಮೇಲಿರುವುದಕ್ಕಿಂತ ಒಂದು ಪಾವು ಹೆಚ್ಚೇ.

ನಾವಿರುವುದು ಹಿರಿಯೂರಿಗೆ ಅಂಟಿಕೊಂಡಂತಿರುವ ಬಬ್ಬೂರಿನಲ್ಲಿ. ಅಲ್ಲಿನ ಕೃಷಿ ಸಂಶೋಧನೆಯ ಫಾರಂನಲ್ಲಿ ನಾನು ಸಹಾಯಕಿ. ಪ್ರಯೋಗದ ತಾಕುಗಳಲ್ಲಿ ಶೇಂಗಾ ಗಿಡ ಎಣಿಸುವುದು, ಲೇಬಲ್ ಕಟ್ಟುವುದು, ಬರೆದಿಡುವುದು ನನ್ನ ಕೆಲಸ. ಗಂಡ ಹೊಸದುರ್ಗದಲ್ಲಿ ಲೈನ್‌ಮನ್. ಕಂಬ ಹತ್ತುವ ನೌಕರಿ ಅಂದಮೇಲೆ ಭಾನುವಾರ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ನಾನು, ಮಗಳು, ನಮ್ಮತ್ತೆ.

ಮಗಳು ಸೋಮಾರಿಯಾಗಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯವೇ ಇರಲಿಲ್ಲ. ಆರನೇ ತರಗತಿಯಲ್ಲಿದ್ದಾಗ ಒಂದು ಶನಿವಾರ ನನ್ನ ಜೊತೆ ಫಾರಂಗೆ ಬಂದವಳು, ತಾಕುಗಳ ಲೇಬಲ್ ನೋಡಿ, ಒಂದಾದ ಮೇಲೆ ಏಳು ಯಾಕೆ ಬಂತು, ಏಳಾದ ಮೇಲೆ ಮೂರು ಯಾಕೆ ಎಂದು ಪಟ್ಟು ಹಿಡಿದಳು. ನನಗೆ ಗೊತ್ತಿರಲಿಲ್ಲ, ಹನ್ನೆರಡು ವರ್ಷದಿಂದ ಕಟ್ಟುತ್ತಿದ್ದೆ, ಅಷ್ಟೇ. ಅಲ್ಲಿದ್ದ ಆಫೀಸರೊಬ್ಬರು ಅವಳನ್ನು ಕೂರಿಸಿಕೊಂಡು, ಒಂದು ತಳಿಯನ್ನೆಲ್ಲ ಒಂದೇ ಮೂಲೆಗೆ ಹಾಕಿದರೆ ಆ ಮೂಲೆಯ ಒಳ್ಳೇ ಮಣ್ಣು ನಮಗೆ ಮೋಸ ಮಾಡುತ್ತದೆ, ಅದಕ್ಕೇ ಚೀಟಿ ಎತ್ತಿದ ಹಾಗೆ ಕಲೆಸಿ ಹಾಕುತ್ತೇವೆ ಎಂದು ಹೇಳಿಕೊಟ್ಟರು. ಅವತ್ತು ಊಟಕ್ಕೆ ಕುಳಿತಾಗ ಮುದ್ದೆಗಳಿಗೂ ಚೀಟಿ ಎತ್ತಿಸಿದಳು. ದೊಡ್ಡ ಮುದ್ದೆ ಯಾವಾಗಲೂ ಅಜ್ಜಿಯ ತಟ್ಟೆಗೇ ಯಾಕೆ ಹೋಗುತ್ತದೆ ಎಂಬುದು ಅವಳ ಸಂಶೋಧನೆ. ನಮ್ಮತ್ತೆ ಎರಡು ದಿನ ಮಾತು ಬಿಟ್ಟಿದ್ದರು. ಆಮೇಲೆ ನಾನು ತಂದುಕೊಟ್ಟ ಹಳೇ ಲೇಬಲ್‌ಗಳ ಹಿಂದೆ ಲೆಕ್ಕ ಮಾಡುವುದು ಅವಳ ಆಟವಾಯಿತು. ಮಾಡಿದ್ದನ್ನು ದಾರಕ್ಕೆ ಪೋಣಿಸಿ ಕಿಟಕಿಯ ಸರಳಿಗೆ ಕಟ್ಟುತ್ತಿದ್ದಳು. ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅಂಥ ಮಗುವನ್ನು ನಾನು ಫೋಟೋಕ್ಕೆ ಕೂರಿಸಿದೆ.

ನನ್ನ ತಲೆಯಲ್ಲಿದ್ದದ್ದು ನಮ್ಮವ್ವ. ಹಿರೇಗುಂಟನೂರಿನವಳು, ಅಕ್ಷರ ಬಾರದವಳು. ನಾನು ಓದುವಾಗ ಒಂದು ದಿನವೂ ಶಾಲೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಎಲ್ಲರ ಮನೆಯವರೂ ಬಂದ ಸಭೆಗಳಲ್ಲಿ ನಾನೊಬ್ಬಳೇ ಗೋಡೆಗೆ ಒರಗಿ ನಿಂತಿರುತ್ತಿದ್ದೆ. ಸಂಜೆ ಶೇಂಗಾ ಸುಲಿಯುತ್ತ ಕುಳಿತಾಗ ಮಾತ್ರ, ಇವತ್ತು ಮೇಷ್ಟ್ರು ಏನು ಹೇಳಿದರು, ನನಗೂ ಹೇಳು ಅನ್ನುತ್ತಿದ್ದಳು. ಹೇಳಿದರೆ ಅಡ್ಡಪ್ರಶ್ನೆ ಕೇಳಿ ಪ್ರಾಣ ತಿನ್ನುತ್ತಿದ್ದಳು. ಭೂಮಿ ತಿರುಗುತ್ತದೆ ಅಂದರೆ, ಹಂಗಾದ್ರೆ ನಮ್ಮ ಬಾವಿ ನೀರು ಯಾಕೆ ಚೆಲ್ಲಲ್ಲ ಅನ್ನುತ್ತಿದ್ದಳು. ಅದನ್ನೆಲ್ಲ ನಾನು ಕಾಳಜಿ ಎಂದು ಯಾವತ್ತೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೊತ್ತು ಹೋಗದೆ ಕೇಳುತ್ತಾಳೆ ಅಂದುಕೊಂಡಿದ್ದೆ. ನನ್ನ ಮಗಳಿಗೆ ನಾನು ಹಾಗಾಗುವುದಿಲ್ಲ, ಸಭೆಯಲ್ಲಿ ಮುಂದಿನ ಸಾಲು ನನ್ನದೇ ಎಂದು ಹಟ ತೊಟ್ಟಿದ್ದೆ.

ಹಟ ಚೆನ್ನಾಗಿಯೇ ನಡೆಯಿತು. ನಾಲ್ಕೂ ಮುಕ್ಕಾಲಿಗೆ ಎದ್ದು, ಮಗಳನ್ನು ಎಬ್ಬಿಸಿ, ಮುಖ ತೊಳೆಸಿ, ಟ್ಯೂಬ್‌ಲೈಟಿನ ಕೆಳಗೆ ಕೂರಿಸುತ್ತಿದ್ದೆ. ಹಿಂದೆ ಕಾಣುವ ಬಟ್ಟೆಯ ಹಗ್ಗ ಸರಿಸುತ್ತಿದ್ದೆ. ಮೊದಲ ದಿನ ಅವಳು ನೈಟಿಯಲ್ಲೇ ಕುಳಿತಿದ್ದಳು. ಇನ್ನೊಬ್ಬಳು ತಾಯಿ ತನ್ನ ಮಗಳಿಗೆ ಯೂನಿಫಾರಂ ಹಾಕಿಸಿ, ಹಣೆಗೆ ವಿಭೂತಿ ಹಚ್ಚಿ, ಪಕ್ಕದಲ್ಲಿ ದೀಪ ಹಚ್ಚಿಟ್ಟು ಫೋಟೋ ಹಾಕಿದ್ದು ನೋಡಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಮಾರನೇ ದಿನದಿಂದ ನಮ್ಮ ಮನೆಯಲ್ಲೂ ಜಡೆ, ಚೂಡಿದಾರ, ವಿಭೂತಿ. ಕ್ಲಿಕ್ಕಿಸಿದ ಮೇಲೆ ಫೋಟೋ ಹಿಗ್ಗಿಸಿ ನೋಡುತ್ತಿದ್ದೆ, ಕಣ್ಣು ಮುಚ್ಚಿಲ್ಲ ತಾನೆ, ತೂಕಡಿಸಿದ ಹಾಗೆ ಕಾಣುವುದಿಲ್ಲ ತಾನೆ ಎಂದು. ಹಾಕಿದ ತಕ್ಷಣ ಹೆಬ್ಬೆಟ್ಟು ಬಂತೇ ಎಂದು ಕಾಯುತ್ತಿದ್ದೆ. ಬಂದಮೇಲೆ ಒಲೆಯ ಕಡೆ ಹೋಗುತ್ತಿದ್ದೆ. ಕಿಟಕಿಯ ಸರಳಿಗೆ ಹೊಸ ಲೇಬಲ್ ಸೇರುವುದು ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ. ದಾರ ಒಂದಿನ ಫೋಟೋದಲ್ಲಿ ಕೊಳಕಾಗಿ ಕಂಡಿತೆಂದು ನಾನೇ ಬಿಚ್ಚಿ ಅಟ್ಟಕ್ಕೆ ಹಾಕಿದೆ.

ಸಂಕ್ರಾಂತಿಯ ಮರುವಾರ ನನಗೆ ಚಿತ್ರದುರ್ಗದಲ್ಲಿ ಮೂರು ದಿನದ ತರಬೇತಿ ಬಿತ್ತು. ಮದಕರಿಪುರದಲ್ಲಿ ಅಕ್ಕನ ಮನೆಯಿದೆ, ಉಳಿಯುವುದಕ್ಕೆ ತೊಂದರೆಯಿಲ್ಲ. ತೊಂದರೆ ಇದ್ದದ್ದು ಫೋಟೋದ್ದು. ನಮ್ಮತ್ತೆಯ ಬಳಿ ಇರುವುದು ಗುಂಡಿ ಒತ್ತುವ ಫೋನು. ಮೂರು ದಿನ ಫೋಟೋ ಇಲ್ಲದಿದ್ದರೆ ಎಂಟು ಗಂಟೆಯ ಪಟ್ಟಿಯಲ್ಲಿ ನನ್ನ ಹೆಸರು ಬರುತ್ತದಲ್ಲ! ಭಾನುವಾರ ಮಧ್ಯಾಹ್ನ ಕಿಟಕಿ ಮುಚ್ಚಿ, ಪರದೆ ಎಳೆದು, ಟ್ಯೂಬ್‌ಲೈಟ್ ಹಾಕಿ ಮಗಳನ್ನು ಕೂರಿಸಿದೆ. ಹಸಿರು ಚೂಡಿದಾರದಲ್ಲಿ ಒಂದು, ನೀಲಿಯಲ್ಲಿ ಒಂದು, ಯೂನಿಫಾರಂನಲ್ಲಿ ಒಂದು. ಅವಳು ಮೂರು ಸಲ ಬಟ್ಟೆ ಬದಲಾಯಿಸಿಕೊಂಡು ಬಂದಳು. ಸೋಮವಾರಕ್ಕೆ, ಮಂಗಳವಾರಕ್ಕೆ, ಬುಧವಾರಕ್ಕೆ ಬುತ್ತಿ ಕಟ್ಟಿಕೊಂಡ ಹಾಗೆ ಫೋಟೋ ಕಟ್ಟಿಕೊಂಡು ಬಸ್ ಹತ್ತಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ ಕೂಡ.

ಸೋಮವಾರ ಹಸಿರು, ಹೆಬ್ಬೆಟ್ಟು. ಮಂಗಳವಾರ ನೀಲಿ, ಹೆಬ್ಬೆಟ್ಟು. ಬುಧವಾರ ಬೆಳಿಗ್ಗೆ ಮದಕರಿಪುರದಲ್ಲಿ ಅಕ್ಕನ ಮನೆಯ ಜಗಲಿಯ ಮೇಲೆ ಕುಳಿತು ಯೂನಿಫಾರಂ ಫೋಟೋ ಒತ್ತಿದೆ. ಹೆಬ್ಬೆಟ್ಟು ಬರಲಿಲ್ಲ. ಉಳಿದವರ ಫೋಟೋ ತೆಗೆದು ನೋಡಿದರೆ ಎಲ್ಲ ಕತ್ತಲು. ಒಬ್ಬಳ ಮುಂದೆ ಮೇಣದಬತ್ತಿ, ಒಬ್ಬನ ಮುಂದೆ ಟಾರ್ಚು, ಒಬ್ಬಳು ತಾಯಿ ಬುಡ್ಡಿದೀಪವನ್ನೇ ಹಿಡಿದು ನಿಂತಿದ್ದಳು. ಹೆದ್ದಾರಿಯಲ್ಲಿ ಲಾರಿಯೊಂದು ಕಂಬಕ್ಕೆ ಗುದ್ದಿ ಬಬ್ಬೂರಿಗೆಲ್ಲ ಹಿಂದಿನ ದಿನದಿಂದ ಕರೆಂಟೇ ಇಲ್ಲ. ಆ ಕತ್ತಲುಗಳ ನಡುವೆ ನನ್ನ ಮಗಳೊಬ್ಬಳು ಮದುವೆ ಮಂಟಪದಲ್ಲಿ ಕುಳಿತಂತೆ ಝಗಝಗ ಬೆಳಗುತ್ತಿದ್ದಾಳೆ. ಲೈನ್‌ಮನ್‌ಗಳ ಗ್ರೂಪಿನಲ್ಲಿ ನನ್ನ ಗಂಡನಿಗೆ ಆ ಸುದ್ದಿ ಆಗಲೇ ಬಂದಿತ್ತಂತೆ. ಹೆಂಡತಿಗೆ ಹೇಳಬೇಕು ಎಂದು ಅವರಿಗೆ ಯಾಕೆ ಅನ್ನಿಸಬೇಕು?

ನಿಮ್ಮನೇಲಿ ಕರೆಂಟ್ ಐತಾ ಎಂದು ಯಾರೋ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಗಾಬರಿಯಲ್ಲಿ ಫೋಟೋ ಅಳಿಸಿಬಿಟ್ಟೆ. ‘ಅಳಿಸಲಾಗಿದೆ’ ಎಂಬ ಸಾಲು ಅಲ್ಲೇ ಉಳಿಯಿತು.

ತಪ್ಪು ನನ್ನದು. ಹೆಡ್‌ಮಾಸ್ತರರು ನನ್ನನ್ನು ಕರೆಸಿ ಕೇಳಬಹುದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಬೆಳಗಿನ ಪ್ರಾರ್ಥನೆಯಲ್ಲಿ ಮಗಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಇಡೀ ಬಬ್ಬೂರಿಗೆ ಇಲ್ಲದ ಕರೆಂಟು ಲೈನ್‌ಮನ್ ಮಗಳ ಮನೆಗೆ ಮಾತ್ರ ಬಂದಿದೆ, ಅಪ್ಪ ಬೇರೆ ಲೈನ್ ಎಳೆದುಕೊಟ್ಟಿರಬೇಕು ಅಂದರಂತೆ. ಮಕ್ಕಳೆಲ್ಲ ನಕ್ಕರಂತೆ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ‘ಟ್ಯೂಬ್‌ಲೈಟ್’ ಎಂದು ಹೆಸರು ಬಿದ್ದಿತ್ತು. ಇದನ್ನೆಲ್ಲ ಅವಳು ನನಗೆ ಹೇಳಲಿಲ್ಲ. ಪಕ್ಕದ ಮನೆಯ ಹುಡುಗಿ ಹೇಳಿದ್ದು. ಸಂಜೆ ಊರಿಗೆ ಬಂದು ಚೀಲ ಇಳಿಸುವ ಮೊದಲೇ ನಾನು ಮಗಳಿಗೆ ಹೇಳಿದ್ದು ಒಂದೇ ಮಾತು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

“ಕರೆಂಟ್ ಹೋಗೈತೆ ಅಂತ ಅಜ್ಜಿ ಫೋನಿಂದ ಒಂದು ಮಾತು ಹೇಳಾಕೆ ಏನಾಗಿತ್ತೇ ನಿಂಗೆ?”

ಅವಳು ನನ್ನ ಮುಖ ನೋಡಿ, ತಟ್ಟೆ ತೊಳೆಯಲು ಹೋದಳು.

ಮುಂದಿನ ತಿಂಗಳು ಪೂರ್ವಸಿದ್ಧತಾ ಪರೀಕ್ಷೆ. ಗಣಿತದ ದಿನ ಅವಳು ಮೂರು ಗಂಟೆ ಕುಳಿತು, ಮೊದಲ ಪುಟದಲ್ಲಿ ತನ್ನ ನಂಬರ್ ಬರೆದು, ಉಳಿದದ್ದೆಲ್ಲ ಖಾಲಿ ಬಿಟ್ಟು ಎದ್ದು ಬಂದಳು. ಲೇಬಲ್ ಹಿಂದೆ ಲೆಕ್ಕ ಮಾಡಿ ಪೋಣಿಸುತ್ತಿದ್ದ ಹುಡುಗಿ. ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. ಆ ಬಿಳಿ ಹಾಳೆಗಳನ್ನು ಮೇಜಿನ ಮೇಲೆ ಒಂದೊಂದಾಗಿ ತಿರುವಿ ತೋರಿಸಿ, ಮನೆಯಲ್ಲಿ ಗಮನ ಸಾಲದು, ತಾಯಿಯಾದವಳು ಇನ್ನೂ ಹತ್ತಿರ ಕೂರಬೇಕು, ಬೇಕಾದರೆ ಸಂಜೆಯೂ ಒಂದು ಫೋಟೋ ಹಾಕಿ ಅಂದರು. ಕೈಗೆ ಆ ಮೇಜಿನ ಮೇಲಿನ ಗಂಟೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ. ಮಗಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿದಿರಲ್ಲ, ಅದಾದ ಮೇಲೆ ಅವಳು ಯಾರಿಗೋಸ್ಕರ ಬರೆಯಬೇಕು ಎಂದು ಕೇಳಿದೆ. ಅವರು ಸಮಾಧಾನವಾಗಿ, ಸುಳ್ಳು ಫೋಟೋ ಕಳಿಸಿದ್ದು ಯಾರು ಮೇಡಂ ಎಂದು ಕೇಳಿದರು. ಆ ಮನುಷ್ಯ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ ಎಂಬುದು ನನಗೆ ಇವತ್ತಿಗೂ ನುಂಗಲಾಗದ ತುತ್ತು.

ಭಾನುವಾರ ಗಂಡ ಬಂದರು. ಎಲ್ಲ ಕೇಳಿ, ಅವಳ ಓದು ನಿನ್ನ ಕೈಗೇ ಬಿಟ್ಟಿದ್ದೆನಲ್ಲ ಅಂದರು. ನಿಜವೇ, ಬಿಟ್ಟಿದ್ದರು, ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟ ಹಾಗೆ. ಆಮೇಲೆ ಮಗಳನ್ನು ಕರೆದು, ಚೆನ್ನಾಗಿ ಬರೆದರೆ ಹೊಸ ಮೊಬೈಲ್ ಕೊಡಿಸುತ್ತೇನೆ ಅಂದರು. ಮೊಬೈಲ್ ಎಂಬ ಮಾತಿಗೆ ಅವಳು ಮೊದಲ ಸಲ ಬಾಯಿ ಬಿಟ್ಟಳು. ತನಗೆ ಮೊಬೈಲೂ ಬೇಡ, ಪರೀಕ್ಷೆಯನ್ನೂ ಬರೆಯುವುದಿಲ್ಲ, ಮಾರ್ಚಿನಲ್ಲಿ ಹಾಲ್‌ಟಿಕೆಟ್ ಬಂದರೆ ಹರಿದು ಹಾಕುತ್ತೇನೆ ಅಂದಳು. ಕೂಗಲಿಲ್ಲ, ಅಳಲಿಲ್ಲ. ನೀರು ಬಂತು ಎಂದು ಹೇಳುವ ಧ್ವನಿಯಲ್ಲಿ ಹೇಳಿದಳು. ನನಗೆ ಹೆದರಿಕೆಯಾದದ್ದು ಆಗ. ಅವಳು ಫೇಲಾಗುತ್ತಾಳೆ ಎಂದಲ್ಲ. ಅವಳೊಳಗೆ ಏಳಾದ ಮೇಲೆ ಮೂರು ಯಾಕೆ ಎಂದು ಕೇಳುತ್ತಿದ್ದ ಹುಡುಗಿ ಇನ್ನೂ ಇದ್ದಾಳೋ ಇಲ್ಲವೋ ಎಂದು.

ಶಿವರಾತ್ರಿಗೆ ಅವಳು ಅಜ್ಜಿಯ ಮನೆಗೆ ಹೋಗುತ್ತೇನೆ ಎಂದು ಹಿರೇಗುಂಟನೂರಿಗೆ, ನಮ್ಮವ್ವನ ಬಳಿಗೆ ಹೋದಳು. ಪುಸ್ತಕದ ಚೀಲವನ್ನೂ ತೆಗೆದುಕೊಂಡು ಹೋಗಲಿ ಎಂದು ಹಟ ಮಾಡಿ ಹೊರಿಸಿದವಳು ನಾನು. ಅವಳು ಹೋದ ಮಾರನೇ ದಿನ ಆಫೀಸಿನ ಯಾವುದೋ ಕಾಗದದ ಫೋಟೋ ತೆಗೆಯಲು ಹೋದರೆ, ಜಾಗ ಇಲ್ಲ ಅಂದಿತು ನನ್ನ ಮೊಬೈಲು. ಇದ್ದಬದ್ದ ಜಾಗವನ್ನೆಲ್ಲ ಐದೂವರೆಯ ಫೋಟೋಗಳು ತಿಂದು ಕುಳಿತಿದ್ದವು. ಅಳಿಸೋಣ ಎಂದು ಕುಳಿತೆ. ಹಸಿರು, ನೀಲಿ, ಸ್ವೆಟರು, ಯೂನಿಫಾರಂ. ಒಂದನ್ನು ಸುಮ್ಮನೆ ಹಿಗ್ಗಿಸಿದೆ. ಮುಖವಲ್ಲ, ಮುಖ ಎಷ್ಟೋ ಸಲ ಹಿಗ್ಗಿಸಿದ್ದಾಗಿತ್ತು. ಬೆರಳು ಜಾರಿ ಪುಸ್ತಕ ದೊಡ್ಡದಾಯಿತು. ವಿಜ್ಞಾನದ ಪುಸ್ತಕ, ಎಡಗಡೆ ಪುಟದಲ್ಲಿ ಬಾಲ ಬಿಟ್ಟುಕೊಂಡ ನರಕೋಶದ ಚಿತ್ರ. ಇನ್ನೊಂದು ಫೋಟೋ ಹಿಗ್ಗಿಸಿದೆ. ಅದೇ ನರಕೋಶ. ಇನ್ನೊಂದು. ಅದೇ. ದೀಪಾವಳಿಗೆ ಮುಂಚಿನದು, ಸಂಕ್ರಾಂತಿಯ ನಂತರದ್ದು, ಅಷ್ಟೆಲ್ಲ ಆದ ಮೇಲೂ ಬಿಡದೆ ತೆಗೆದ ಮೊನ್ನೆಯದು. ಪ್ರತಿದಿನ, ಅದೇ ಪುಸ್ತಕ, ಅದೇ ಪುಟ. ನಾಲ್ಕು ತಿಂಗಳು ನನ್ನ ಮಗಳು ನನ್ನ ಕಣ್ಣೆದುರಿಗೆ ಒಂದೇ ಪುಟ ತೆರೆದುಕೊಂಡು ಕುಳಿತಿದ್ದಳು. ನಾನು ಜಡೆ ನೋಡಿದ್ದೆ, ವಿಭೂತಿ ನೋಡಿದ್ದೆ, ಹಿಂದಿನ ಹಗ್ಗ ನೋಡಿದ್ದೆ. ಹೆಡ್‌ಮಾಸ್ತರರೂ ನೋಡಿರಲಿಲ್ಲ. ಗ್ರೂಪಿನ ಅಷ್ಟೂ ತಾಯಂದಿರಲ್ಲಿ ಒಬ್ಬಳೂ ನೋಡಿರಲಿಲ್ಲ.

ಅತ್ತೆಗೆ ಹೇಳಿ ಮೊದಲ ಬಸ್ಸಿಗೆ ಹೊರಟೆ. ಬಸ್ಸಿನಲ್ಲಿ ಕುಳಿತಾಗ ಕುದಿಯುತ್ತಿದ್ದೆ. ಇಷ್ಟು ದಿನ ನನಗೆ ಮೋಸ ಮಾಡಿದಳಲ್ಲ ಎಂದು ಸಿಟ್ಟು; ಆ ಸಿಟ್ಟು ಬಸ್ಸು ಐಮಂಗಲ ದಾಟುವವರೆಗೂ ಇತ್ತು. ಊರು ಮುಟ್ಟಿದಾಗ ಅವಳು ಹಿತ್ತಿಲ ಬಾವಿಯ ಬಳಿ ಬಟ್ಟೆ ಹಿಂಡುತ್ತಿದ್ದಳು. ಮೊಬೈಲ್ ತೆಗೆದು ತೋರಿಸಿ, ಇದೇನು ಅಂದೆ. ಅವಳು ನೋಡಲೂ ಇಲ್ಲ.

“ಮೊದಮೊದ್ಲು ನಿದ್ದೆಗಣ್ಣಲ್ಲಿ ತೆರೆದಿದ್ದೆ. ಆಮೇಲೆ ನೀನು ಒಂದಿನಾನಾದ್ರೂ ನೋಡ್ತೀಯೇನೋ ಅಂತ ತಿರುವ್ಲಿಲ್ಲ” ಅಂದಳು.

ಒಳಗೆ ಹೋಗಿ, ಬಸ್ಸಿನ ಆಯಾಸ ಎಂದು ಸುಳ್ಳು ಹೇಳಿ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಯಾವಾಗಲೋ ಕಣ್ಣು ಹತ್ತಿತು.

ಎದ್ದಾಗ ಇಳಿಬಿಸಿಲು. ಜಗಲಿಯ ಕಡೆಯಿಂದ ಕುಟ್ಟುವ ಸದ್ದು ಬರುತ್ತಿತ್ತು. ಹುಣಸೆಹಣ್ಣಿನ ಕಾಲ. ನಮ್ಮವ್ವ ಕಲ್ಲಿನ ಮೇಲೆ ಹುಣಸೆಹಣ್ಣು ಇಟ್ಟು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಮಗಳು ಎದುರಿಗೆ ಕುಕ್ಕರಗಾಲಲ್ಲಿ ಕುಳಿತಿದ್ದಳು, ಪುಸ್ತಕದ ಚೀಲ ಪಕ್ಕದಲ್ಲಿ. ನಿಮ್ಮಪ್ಪ ಕಂಬ ಹತ್ತಿ ಏನು ಮಾಡ್ತಾನೆ, ಫ್ಯೂಜು ಅಂದರೆ ಏನು ಎಂದು ಅಜ್ಜಿ ಕೇಳಿರಬೇಕು. ಮಗಳು ಎರಡು ಹುಣಸೆಬೀಜ ದೂರದೂರ ಇಟ್ಟು, ನಡುವೆ ಹುಣಸೆನಾರು ಎಳೆದು, ಇದು ತಂತಿ, ಇದರೊಳಗೆ ಕರೆಂಟ್ ಹರಿಯುತ್ತದೆ ಎಂದು ಹೇಳುತ್ತಿದ್ದಳು.

“ಜಾಸ್ತಿ ಬಂದ್ರೆ ತಂತಿನೇ ಸುಟ್ಟೋಗೋದಾದ್ರೆ ಅಂಥ ಬಡಕಲು ತಂತಿ ಯಾಕೆ ಹಾಕ್ತಾರೆ? ಗಟ್ಟಿದು ಹಾಕಾಕೇನು ರೋಗ?” ಎಂದು ನಮ್ಮವ್ವ ಕೇಳಿದಳು.

ಮಗಳು ನಕ್ಕಳು. ದಸರಾದಿಂದ ನಾನು ಆ ನಗು ಕೇಳಿರಲಿಲ್ಲ. ಅಜ್ಜೀ, ಅದು ಸುಟ್ಟೋಗಲಿ ಅಂತಲೇ ಹಾಕೋದು, ಅದು ಸುಟ್ಟರೆ ಮನೆ ಉಳೀತೈತೆ ಎಂದು, ಕೈಯಾಡಿಸುತ್ತ, ನಾರು ಕಿತ್ತು ತೋರಿಸುತ್ತ, ಮೈಯೆಲ್ಲ ಮಾತಾಗಿ ಹೇಳತೊಡಗಿದಳು. ಇದ್ದಾಳೆ, ಹುಡುಗಿ ಇನ್ನೂ ಇದ್ದಾಳೆ ಅನ್ನಿಸಿತು. ಬಾಗಿಲಲ್ಲಿ ನಿಂತಿದ್ದೆ. ಎಷ್ಟು ಚೆನ್ನಾಗಿ ಕಾಣುತ್ತಿದ್ದಳು! ನನ್ನ ಕೈ ತಾನಾಗಿ ಮೊಬೈಲನ್ನು ಎತ್ತಿ ಹಿಡಿಯಿತು.

ಅವಳು ನೋಡಿದಳು. ಮಾತು ಅರ್ಧಕ್ಕೆ ನಿಂತಿತು. ಕುಕ್ಕರಗಾಲು ಬಿಟ್ಟು ಚಕ್ಕಳಮಕ್ಕಳ ಹಾಕಿದಳು, ಬೆನ್ನು ನೆಟ್ಟಗೆ ಮಾಡಿದಳು, ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು. ಚೀಲದಿಂದ ಪುಸ್ತಕ ತೆಗೆದಳು. ಅದು ತಾನಾಗಿ ನರಕೋಶದ ಪುಟಕ್ಕೇ ತೆರೆದುಕೊಂಡಿತು. ತಲೆ ಬಗ್ಗಿಸಿ, “ತೆಗಿ” ಅಂದಳು.

ನಮ್ಮವ್ವ ಕುಟ್ಟುವುದು ನಿಲ್ಲಿಸಿ ನನ್ನನ್ನೂ ಅವಳನ್ನೂ ನೋಡಿದಳು. ಏನೆಂದು ಅವಳಿಗೆ ತಿಳಿಯಲಿಲ್ಲ. ಫ್ಯೂಜಿನ ವಿಚಾರ ಅರ್ಧಕ್ಕೆ ನಿಂತಿತಲ್ಲ ಎಂದು ನನ್ನ ಮೇಲೇ ರೇಗಿದಳು. ನಾನು ಮೊಬೈಲನ್ನು ಹುಣಸೆಬೀಜದ ಮೊರದೊಳಗೆ ಇಟ್ಟು, ಅವ್ವನ ಪಕ್ಕದಲ್ಲಿ ಕುಳಿತು, ಒಂದು ಕಲ್ಲು ಎತ್ತಿಕೊಂಡೆ. ಆ ತಂತಿ ಬೇರೆಯದಕ್ಕಿಂತ ಬೇಗ ಯಾಕೆ ಸುಡುತ್ತದೆ, ನನಗೂ ಹೇಳು ಎಂದು ಮಗಳನ್ನು ಕೇಳಿದೆ.

“ಲೈನ್‌ಮನ್ ಹೆಂಡ್ತಿ ನೀನು. ಗೊತ್ತಿಲ್ವಾ?”

“ಗೊತ್ತಿಲ್ಲ ಕಣೇ.”

ನಿಜಕ್ಕೂ ಗೊತ್ತಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಕೇಳುತ್ತಿದ್ದೇನೋ, ಪರೀಕ್ಷೆ ಮಾಡುತ್ತಿದ್ದೇನೋ ಎಂದು ಅಳೆಯುತ್ತಿದ್ದಳು. ಹೆತ್ತವಳ ಮೇಲೆ ಆ ಅನುಮಾನ ಬರುವ ಹಾಗೆ ಮಾಡಿದವಳು ನಾನೇ. ಮೊರದಲ್ಲಿ ಮೊಬೈಲು ಎರಡು ಸಲ ಗುಂಯ್‌ಗುಟ್ಟಿತು. ಮೂವರೂ ಅದರ ಕಡೆ ನೋಡಲಿಲ್ಲ. ಕೊನೆಗೆ ಅವಳು ಪುಸ್ತಕ ಮುಚ್ಚಿ, ಹೊಸ ನಾರೊಂದನ್ನು ಎಳೆದುಕೊಂಡು, ಮೊದಲಿನಿಂದ ಶುರು ಮಾಡಿದಳು.

ಆ ಸಂಜೆಯೇ ನಾನು ಗ್ರೂಪಿನಿಂದ ಹೊರಗೆ ಬಂದೆ. ಮಗಳು ಮಾರ್ಚಿನಲ್ಲಿ ಹಾಲ್‌ಟಿಕೆಟ್ ಹರಿಯಲಿಲ್ಲ, ಪರೀಕ್ಷೆ ಬರೆದಳು. ರಿಸಲ್ಟ್ ಬಂದ ದಿನದಿಂದ ಬಸ್ಸಿನಲ್ಲಿ, ಫಾರಂನಲ್ಲಿ, ನಲ್ಲಿಯ ಹತ್ತಿರ ಜನ ಕೇಳುವುದು ಒಂದೇ ಪ್ರಶ್ನೆ. ಅವಳು ಏನು ಓದಿದಳು ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಇಷ್ಟೆಲ್ಲ ಓದಿದ ಮೇಲೆ ನಿಮಗೂ ಎಷ್ಟು ಬಂತು ಎಂದು ಕೇಳಬೇಕು ಅನ್ನಿಸುತ್ತಿದ್ದರೆ, ಆ ಗ್ರೂಪಿನಲ್ಲಿ ನಾನು ಬಿಟ್ಟುಬಂದ ಜಾಗ ಇನ್ನೂ ಖಾಲಿ ಇದೆ, ಹೋಗಿ ಕುಳಿತುಕೊಳ್ಳಿ.